ಕಿಡ್ನಿ ಕೊಡೋಳಿಗೆ ಇನ್ನೊಂದು ಉಂಡೆ

ಜನವರಿ 18

ಇಪ್ಪತ್ತು ವರ್ಷದಿಂದ ಈ ಮೈಯನ್ನು ನೋಡಿ ನಗದವರಿಲ್ಲ. ಬಸ್ಸಿನಲ್ಲಿ ಇಬ್ಬರ ಸೀಟಿಗೆ ನಾನೊಬ್ಬಳೇ ಸಾಕು. ನಾದಿನಿಯ ಮದುವೆ ಫೋಟೋದಲ್ಲಿ ನನ್ನ ಹಿಂದೆ ನಿಂತಿದ್ದವರು ಯಾರು ಅನ್ನುವುದು ಇವತ್ತಿಗೂ ಪತ್ತೆಯಾಗಿಲ್ಲ. ಅಂಥ ಮೈಯ ಒಂದು ತುಂಡಿಗೆ ಇವತ್ತು ಗಿರಾಕಿ ಸಿಕ್ಕಿದೆ. ನನ್ನ ತಂಗಿ ನಿರ್ಮಲಾಗೆ ನನ್ನ ಕಿಡ್ನಿ ಹೊಂದುತ್ತದಂತೆ.

ಅವಳ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಯಿತು. ವಾರಕ್ಕೆರಡು ಸಲ ಡಯಾಲಿಸಿಸ್. ಗಂಡ ಪ್ರಭುವಿನ ರಕ್ತದ ಗುಂಪು ಬೇರೆ, ಮೇಲೆ ಸಕ್ಕರೆ ಕಾಯಿಲೆ. ಅಪ್ಪ ಅವ್ವ ಇಲ್ಲ. ಉಳಿದವಳು ಚಳ್ಳಕೆರೆಯ ಎಣ್ಣೆ ಅಂಗಡಿಯಲ್ಲಿ ಕೂತಿರುವ ನಾನು, ರೇಣುಕಮ್ಮ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ದೀಪಿಕಾ ಅಂತ ಒಬ್ಬರು. ವಯಸ್ಸು ಮೂವತ್ತಿರಬೇಕು, ಕಡ್ಡಿ ಹಾಗಿದ್ದಾರೆ. ನನ್ನ ತೋಳಿಗೆ ಪಟ್ಟಿ ಸುತ್ತಿ ರಕ್ತ ನಿಲ್ಲುವಷ್ಟು ಬಿಗಿದು, ಆಮೇಲೆ ಸಡಿಲ ಬಿಟ್ಟು, ಟೀವಿಯಂಥದ್ದರಲ್ಲಿ ನೋಡಿದರು. ರಕ್ತ ನುಗ್ಗಿ ಬಂದಾಗ ನಾಳ ಹಿಗ್ಗಬೇಕಂತೆ. ನನ್ನದು ಹಿಗ್ಗಲಿಲ್ಲ.

"ಕಿಡ್ನಿ ಚೆನ್ನಾಗಿದೆ, ರೇಣುಕಮ್ಮ. ಆದರೆ ನಿಮ್ಮ ತೂಕ ತೊಂಬತ್ತನಾಲ್ಕು. ಬಿ.ಪಿ. ಜಾಸ್ತಿ. ಬೊಜ್ಜು ಹೆಚ್ಚಾದಾಗ ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಆಗುತ್ತೆ, ರಕ್ತನಾಳದ ಒಳಪದರವನ್ನ ಅದು ಕೆಡಿಸುತ್ತೆ. ಈ ಸ್ಥಿತೀಲಿ ಒಂದು ಕಿಡ್ನಿ ತೆಗೆದರೆ ಮುಂದೆ ನೀವೇ ಪೇಷೆಂಟ್ ಆಗ್ತೀರಿ" ಅಂದರು.

ನಾನು ಅರ್ಥವಾಗದವಳ ಹಾಗೆ ಮುಖ ಮಾಡಿರಬೇಕು. "ಎಣ್ಣೆ ಗಾಳಿಗೆ ಬಿಟ್ಟರೆ ಕಮಟು ಹಿಡಿಯುತ್ತಲ್ಲ, ಹತ್ತಿರ ಹತ್ತಿರ ಹಾಗೇ" ಅಂದರು. ಅದನ್ನು ಮೊದಲೇ ಹೇಳಬಾರದಿತ್ತೇ? ಡಬ್ಬದ ಮುಚ್ಚಳ ತೆಗೆಯುವ ಮೊದಲೇ ಕಮಟು ಹಿಡಿದಿದ್ದು ನನ್ನ ಮೂಗಿಗೆ ಗೊತ್ತಾಗುತ್ತದೆ. ನನ್ನೊಳಗಿನದು ಮಾತ್ರ ಗೊತ್ತಾಗಿರಲಿಲ್ಲ.

ಆರು ತಿಂಗಳು ಗಡುವು. ದಿನಾ ನಡೆಯಬೇಕು, ತೂಕ ಎಂಬತ್ತಾರಕ್ಕೆ ಇಳಿಯಬೇಕು, ತಿಂದಿದ್ದನ್ನೆಲ್ಲ ಬರೆದಿಡಬೇಕು. ತಿಂದಿದ್ದನ್ನು ಬರೆಯುವ ಧೈರ್ಯ ನನಗಿಲ್ಲ. ಉಳಿದದ್ದನ್ನು ಬರೆಯುತ್ತೇನೆ.

ಬಸ್ಸಿನಲ್ಲಿ ನಿರ್ಮಲಾ ಹೇಳಿದ್ದು: "ಅಕ್ಕ, ನೀನು ತೆಳ್ಳಗಾಗೋದ್ರಾಗೆ ನಾನು ಗ್ವಾಡೆ ಮ್ಯಾಲಿನ ಫೋಟೋ ಆಗಿರ್ತೀನಿ ಬಿಡು." ಇಬ್ಬರೂ ನಕ್ಕೆವು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಜನವರಿ 21

ಸುದ್ದಿ ಊರು ತುಂಬಿದೆ. ಯಾರು ಹೇಳಿದರು ಅಂತ ಕೇಳುವ ಅಗತ್ಯವಿಲ್ಲ, ನಮ್ಮತ್ತೆ ನಿನ್ನೆ ಹಿಟ್ಟಿನ ಗಿರಣಿಗೆ ಹೋಗಿದ್ದರು.

ಬೆಳಗ್ಗೆ ಪಕ್ಕದ ಮನೆ ಕರಿಯಕ್ಕ ಸ್ಟೀಲ್ ಡಬ್ಬ ಹಿಡಿದು ಬಂದಳು. ಕೊಬ್ಬರಿ, ಅಂಟು, ಬೆಲ್ಲ, ತುಪ್ಪದ ಉಂಡೆ. ಬಾಣಂತಿಯರಿಗೆ ಕಟ್ಟುವಂಥದ್ದು. ನಾನು ಹೆತ್ತು ಹತ್ತೊಂಬತ್ತು ವರ್ಷವಾಯಿತು ಅಂದೆ.

"ಅದಕ್ಕಿಂತ ದೊಡ್ಡದು ಕಣವ್ವ ಇದು. ಕಿಡ್ನಿ ಕೊಡಾಳು ಸೊರಗಿದ್ರೆ ಕಿಡ್ನೀನೂ ಸೊರಗ್ತೈತೆ. ತಿನ್ನು."

"ಡಾಕ್ಟ್ರು ಬ್ಯಾಡ ಅಂದವ್ರೆ ಕರಿಯಕ್ಕ."

"ಡಾಕ್ಟ್ರಿಗೇನು ಗೊತ್ತು, ಅವ್ರು ಕೊಟ್ಟವ್ರಾ ಕಿಡ್ನಿನಾ? ನನ್ನಾಣೆ, ಇನ್ನೊಂದು."

ಆಣೆ ಹಾಕಿದ ಮೇಲೆ ತಿನ್ನದಿದ್ದರೆ ಹಾಕಿದವಳಿಗೆ ಕೇಡು. ಕರಿಯಕ್ಕನ ಪ್ರಾಣ ಉಳಿಸಲು ಮೂರು ಉಂಡೆ ತಿಂದೆ. ನನ್ನಷ್ಟು ಪರೋಪಕಾರಿ ಈ ಬೀದಿಯಲ್ಲಿ ಯಾರೂ ಇಲ್ಲ.

ಫೆಬ್ರವರಿ 2

ಸಜ್ಜೆ ರೊಟ್ಟಿ ಮೇಲೆ ಬೆಣ್ಣೆ. ಶೇಂಗಾ ಹೋಳಿಗೆ. ಅತ್ತೆ ದಿನಾ ರಾತ್ರಿ ಒಂದು ಲೋಟ ಕೆನೆಹಾಲು ತಂದು ಎದುರಿಗೇ ಕೂರುತ್ತಾರೆ. "ಕೊಡೋದು ಕೊಡ್ತೀಯ, ನಮ್ಮನೆಯಿಂದ ಒಣಕಲು ಹೋಯ್ತು ಅಂತ ಅನ್ನಿಸಬ್ಯಾಡ" ಅನ್ನುತ್ತಾರೆ. ಇಪ್ಪತ್ತು ವರ್ಷ ನನ್ನ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟವರು ಇವರೇ.

ಫೆಬ್ರವರಿ 19

ನಡೆಯಲು ಹೋದೆ. ಪಾವಗಡ ರಸ್ತೆಯಲ್ಲಿ ಬೆಳಗ್ಗೆ ಗಾಳಿ ಚೆನ್ನಾಗಿರುತ್ತದೆ ಅಂತ ನನ್ನ ಗಂಡ ಚಂದ್ರಶೇಖರ್ ಹೇಳಿದ್ದರು. ಅವರು ಆ ಗಾಳಿಯನ್ನು ಯಾವತ್ತೂ ಕುಡಿದವರಲ್ಲ.

ಎಣ್ಣೆ ಮಿಲ್ಲು ದಾಟುವಷ್ಟರಲ್ಲಿ ಕಡಲೆಕಾಯಿ ವ್ಯಾಪಾರಿ ದೊಡ್ಡೀರಪ್ಪನವರ ಗಾಡಿ ಪಕ್ಕದಲ್ಲಿ ನಿಂತಿತು. "ಯಾಕಮ್ಮ, ಚಂದ್ರಣ್ಣನ ಗಾಡಿ ಕೆಟ್ಟೈತಾ? ಹತ್ತ್ರಿ, ಬಿಡ್ತೀನಿ." ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಸುಮ್ಮನೆ ಯಾರಾದರೂ ನಡೆಯುತ್ತಾರೆಯೇ? ಎಲ್ಲಿಗೂ ಹೋಗದೆ ನಡೆಯುವವಳು ಮನೆಯಲ್ಲಿ ಜಗಳವಾಡಿ ಹೊರಟವಳೇ ಇರಬೇಕು. ಅವರು ಗಾಡಿಯನ್ನು ನನ್ನ ಪಕ್ಕದಲ್ಲೇ ಮೆಲ್ಲಗೆ ಓಡಿಸಿಕೊಂಡು, ಸಂಸಾರ ಅಂದ ಮೇಲೆ ಇದ್ದದ್ದೇ ಅಂತ ಬುದ್ಧಿ ಹೇಳುತ್ತಾ ಬಂದರು. ಕೊನೆಗೆ ಹತ್ತಿಕೊಂಡೆ. ಮನೆಗೆ ಬಿಡುವ ಮೊದಲು ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು. ಬೇಡ ಅಂದಿದ್ದಕ್ಕೆ ಆಣೆ ಹಾಕಿದರು.

ಮಧ್ಯಾಹ್ನದೊಳಗೆ ಅಂಗಡಿಗೆ ಮೂವರು ಬಂದು ನನ್ನ ಗಂಡನಿಗೆ ಸಮಾಧಾನ ಹೇಳಿ ಹೋದರು. ಒಬ್ಬರೂ ಎಣ್ಣೆ ತಗೊಳ್ಳಲಿಲ್ಲ.

ಮಾರ್ಚ್ 4

ತಪಾಸಣೆಗೆ ಹೋಗಿದ್ದೆವು. ತೂಕ ತೊಂಬತ್ತೇಳು.

ಡಾಕ್ಟರ್ ದೀಪಿಕಾ ಯಂತ್ರ ಕೆಟ್ಟಿರಬಹುದೆಂದು ನನ್ನನ್ನು ಇನ್ನೊಂದರ ಮೇಲೆ ನಿಲ್ಲಿಸಿದರು. ಅದೂ ಅದನ್ನೇ ಹೇಳಿತು. ನಾನು ನಗಿಸಲು ನೋಡಿದೆ. "ನನ್ನ ಕಿಡ್ನಿ ದಪ್ಪ ಆಗಿರ್ಬೋದು ಅಂತ ನಮ್ಮೂರಿನೋರ ಆಸೆ ಡಾಕ್ಟ್ರೇ" ಅಂದೆ. ಅವರು ನಗಲಿಲ್ಲ. ಬಿ.ಪಿ. ಪಟ್ಟಿ ಬಿಚ್ಚಿ, "ಹೀಗೇ ಆದರೆ ನಿಮ್ಮನ್ನ ದಾನಿ ಅಂತ ಪರಿಗಣಿಸೋಕೆ ಆಗಲ್ಲ" ಅಂದರು.

ನಿರ್ಮಲಾ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹೇಳಿದೆ. "ಮೂರು ಕೆಜಿ ಜಾಸ್ತಿನಾ? ಸರ್ಯಾಗಿ ತೂಗಿ ಕೊಡೋ ಅಂಗಡಿ ನಿಂದು" ಅಂತ ನಕ್ಕಳು. ಬಸ್ಸಿನಲ್ಲಿ ಅವಳ ಬ್ಯಾಗಿನಿಂದ ಸಣ್ಣ ಸ್ಟೀಲ್ ಲೋಟ ತೆಗೆದಳು. ಇಡೀ ದಿನಕ್ಕೆ ಅವಳಿಗೆ ಇಷ್ಟು ನೀರು ಅಂತ ಅಳತೆ ಇದೆ, ಅದಕ್ಕಿಂತ ಹೆಚ್ಚು ಕುಡಿದರೆ ನೀರು ಮೈಯಲ್ಲೇ ನಿಂತು ಉಸಿರು ಕಟ್ಟುತ್ತದೆ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನುಂಗದೆ ಹಿರಿಯೂರಿನ ತನಕ ಕಿಟಕಿಯಾಚೆ ನೋಡುತ್ತಾ ಕೂತಳು. ಅಳುತ್ತಿದ್ದಳು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಮಾರ್ಚ್ 6

ಬಟ್ಟೆ ತುಂಬಿಕೊಂಡು ಮೊಳಕಾಲ್ಮುರಿಗೆ, ನಿರ್ಮಲಾಳ ಮನೆಗೆ ಬಂದಿದ್ದೇನೆ. ಚಳ್ಳಕೆರೆಯಲ್ಲಿದ್ದರೆ ಆಪರೇಷನ್‌ಗೆ ಮೊದಲು ಉಂಡೆಯೇ ನನ್ನನ್ನು ಮುಗಿಸುತ್ತದೆ. ಅಂಗಡಿ ಗಂಡ ನೋಡಿಕೊಳ್ಳುತ್ತಾರೆ. ಕಮಟು ಎಣ್ಣೆ ಯಾವುದೆಂದು ಮೂಸಿ ಹೇಳಲು ಫೋನ್ ಮಾಡಿದರೆ ಆಗುವುದಿಲ್ಲ ಅಂದಿದ್ದೇನೆ.

ಇದು ನಮ್ಮ ತವರು ಮನೆ. ಪ್ರಭು ಮನೆಯಳಿಯ. ಒಳ್ಳೆಯ ನೇಕಾರ, ಮಾತು ಕಡಿಮೆ. ಮದುವೆಯಾಗಿ ಹೋದವಳನ್ನು ಇಲ್ಲಿ ಯಾರೂ ನೆನಪಿಟ್ಟಿರಲಿಕ್ಕಿಲ್ಲ, ನೆಮ್ಮದಿ ಅಂದುಕೊಂಡಿದ್ದೆ. ಸಂಜೆಯೊಳಗೆ ಓಣಿಯ ಐದು ಮನೆಯಿಂದ ತಟ್ಟೆ ಬಂದವು. ಎದುರು ಮನೆಯ ಶಾಂತಕುಮಾರಿಗೆ ಅರ್ಧ ತೆಲುಗು, ಅರ್ಧ ಕನ್ನಡ. "ತಿನಮ್ಮಾ, ತಂಗಿಗೆ ಜೀವ ಕೊಡೋಳು ನೀನು, ನನ್ನಾಣೆ" ಅಂದಳು. ಎರಡು ತಾಲೂಕು ಸೇರಿ ನನ್ನನ್ನು ಕೊಬ್ಬಿಸುತ್ತಿವೆ.

ಮಾರ್ಚ್ 8

ನಡೆದದ್ದನ್ನು ಬರೆದರೆ ಮುಂದೆ ಓದಿದವರು ನಂಬುವುದಿಲ್ಲ. ಓದುವವರು ಯಾರೂ ಇಲ್ಲದಿರುವುದು ನನ್ನ ಪುಣ್ಯ.

ಶಾಂತಕುಮಾರಿ ಪಾಯಸದ ಪಾತ್ರೆ ಹಿಡಿದು ಬರುವುದು ಕಿಟಕಿಯಲ್ಲಿ ಕಂಡಿತು. ಎಲ್ಲಿ ಅವಿತುಕೊಳ್ಳಲಿ ಎಂದು ಮಗ್ಗದ ಕೋಣೆಗೆ ನುಗ್ಗಿದೆ. ಎರಡು ಗುಂಡಿ ಮಗ್ಗ ಇವೆ. ಒಂದರಲ್ಲಿ ಪ್ರಭು ರೇಷ್ಮೆ ಸೀರೆ ನೇಯುತ್ತಾನೆ. ಇನ್ನೊಂದು ಅವ್ವನದು, ಖಾಲಿ ಬಿದ್ದಿತ್ತು. ಅವ್ವನ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತೆ. ಮುಂದೆ ಬಟ್ಟೆ ಸುತ್ತುವ ಮರ, ಹಿಂದೆ ಕೂರುವ ಹಲಗೆ. ನಡುವೆ ನನ್ನ ಹೊಟ್ಟೆ. ಒಳಗೆ ಹೋದದ್ದು ಹೋದೆ, ಹೊರಗೆ ಬರಲಾಗಲಿಲ್ಲ.

ಶಾಂತಕುಮಾರಿ ಬಾಗಿಲಿಗೆ ಬಂದಳು. ಆದರೆ ಹೊಸ್ತಿಲು ದಾಟಲಿಲ್ಲ! ಪಾಯಸದ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತಳು. ನನಗೆ ಆಗ ನೆನಪಾಯಿತು. ರೇಷ್ಮೆ ಇರುವ ಕೋಣೆಗೆ ಎಣ್ಣೆ, ತುಪ್ಪ, ತಿನ್ನುವ ವಸ್ತು ಯಾವುದನ್ನೂ ಈ ಊರಿನಲ್ಲಿ ಯಾರೂ ತರುವುದಿಲ್ಲ. ಒಂದು ಹನಿ ಬಿದ್ದರೆ ಸೀರೆಯೇ ಹಾಳು. ನಾವು ಚಿಕ್ಕವರಿದ್ದಾಗ ಚಕ್ಕುಲಿ ಹಿಡಿದು ಒಳಗೆ ಬಂದಿದ್ದಕ್ಕೆ ಅವ್ವ ಬೆನ್ನಿಗೆ ಬಾರಿಸಿದ್ದಳು.

"ಹೊರಗೆ ಬಾಮ್ಮಾ, ಆರೋಗ್ತೈತೆ."

"ಬರೋಕಾಗಲ್ಲ" ಅಂದೆ. ನಿಜವನ್ನೇ ಹೇಳಿದ್ದು.

ಅವಳು ಹೋದ ಮೇಲೆ ಪ್ರಭುವೂ ನಿರ್ಮಲಾಳೂ ಸೇರಿ ಎಳೆದರು. ಆಗಲಿಲ್ಲ. ಕೊನೆಗೆ ಪ್ರಭು ಮರದ ಗೂಟ ಬಿಚ್ಚಿ, ಮರವನ್ನೇ ಪಕ್ಕಕ್ಕೆ ಸರಿಸಿ ನನ್ನನ್ನು ಬಿಡಿಸಿದ. ನಿರ್ಮಲಾ ಗೋಡೆಗೆ ಒರಗಿ ನಕ್ಕು ನಕ್ಕು ಸುಸ್ತಾದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ನಾನು ಪ್ರಭುವಿಗೆ ಹೇಳಿದೆ, "ಆ ಮರನ ಒಂದು ಗೇಣು ಮುಂದಕ್ಕೆ ಹಾಕಿ ಗೂಟ ಹೊಡಿ. ನಾನು ಇಲ್ಲೇ ಕೂರ್ತೀನಿ." ಎರಡು ತಾಲೂಕು ಹುಡುಕಿದರೂ ನನಗೆ ಯಾರೂ ಉಣಿಸಲಾಗದ ಜಾಗ ಇದೊಂದೇ.

ಮಾರ್ಚ್ 22

ಪ್ರಭು ನನಗೆ ಹತ್ತಿ ನೂಲು ಹಾಕಿಕೊಟ್ಟಿದ್ದಾನೆ, ಟವೆಲ್ ನೇಯಲು. ರೇಷ್ಮೆಯ ಹತ್ತಿರ ನನ್ನ ಕೈ ಬರಕೂಡದು ಅಂತ ಮಾತಿಲ್ಲದೆಯೇ ತಿಳಿಸಿದ. ಎಣ್ಣೆ ಅಂಗಡಿಯವಳ ಕೈಯಲ್ಲವೇ. ದಿನಾ ಸೀಗೆಪುಡಿ ಹಾಕಿ ಮೊಣಕೈತನಕ ತಿಕ್ಕಿ ತೊಳೆದರೆ ಮಾತ್ರ ಒಳಗೆ ಪ್ರವೇಶ.

ಚಿಕ್ಕಂದಿನಲ್ಲಿ ಕಲಿತದ್ದು ಕಾಲಿಗೆ ನೆನಪಿದೆ. ಕೈಗಿಲ್ಲ. ಕೆಳಗಿನ ಹಲಗೆ ಒಂದು ಕಾಲಲ್ಲಿ ತುಳಿ, ಲಾಳಿ ಎಸೆ, ಬಡಿ, ಇನ್ನೊಂದು ಕಾಲು. ಸ್ವಲ್ಪ ಹೊತ್ತಿಗೇ ಎದೆ ಡಬಡಬ, ಬೆವರು ನೂಲಿನ ಮೇಲೆ ಬೀಳಬಾರದೆಂದು ತಲೆಗೆ ಬಟ್ಟೆ ಸುತ್ತಿಕೊಂಡೆ. ಮೊದಲನೆಯ ಟವೆಲ್ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ. "ಲಂಗೋಟಿ ಚೆನ್ನಾಗೈತೆ ಅಕ್ಕ" ಅಂದಳು ನಿರ್ಮಲಾ.

ಬೆಳಗ್ಗೆ ನುಂಕೆಮಲೆ ಬೆಟ್ಟದ ಕಡೆಗೆ ನಡೆದು ಬರುತ್ತೇನೆ. ಅಲ್ಲಿ ಕರಡಿ ಇವೆ, ಹೋಗಬೇಡ ಅನ್ನುತ್ತಾರೆ. ಕರಡಿ ನನ್ನನ್ನು ನೋಡಿದರೆ ನೆಂಟಳೆಂದು ಬಿಟ್ಟು ಕಳಿಸುತ್ತದೆ. ಅದು ಉಂಡೆಯನ್ನಂತೂ ಕೊಡುವುದಿಲ್ಲ.

ಏಪ್ರಿಲ್ 9, ಯುಗಾದಿ

ಹೊರಗೆ ಹೋಳಿಗೆ ಬೇಯುತ್ತಿರುವ ವಾಸನೆ. ಬಾಗಿಲಲ್ಲಿ ಸಾಲಾಗಿ ನಾಲ್ಕು ಹೆಂಗಸರು, ನಾಲ್ಕು ತಟ್ಟೆ. ನಾನು ಗುಂಡಿಯೊಳಗೆ. ಹಬ್ಬದ ದಿನ ಮಗ್ಗ ಮುಟ್ಟಬಾರದು ಅಂತ ಒಬ್ಬಳು ಅಂದಳು. ಹತ್ತಿಗೆ ಹಬ್ಬವಿಲ್ಲ ಅಂದೆ. ಅಂಥ ಶಾಸ್ತ್ರ ಎಲ್ಲೂ ಇಲ್ಲ, ಆದರೆ ನಾನು ಹೇಳಿದ ರೀತಿಗೆ ನಂಬಿಕೊಂಡು ಹೋದರು.

ಒಂದು ಹೋಳಿಗೆ ತಿಂದೆ. ತುಪ್ಪವಿಲ್ಲದೆ. ನಿರ್ಮಲಾ ಅವಳ ಉಪ್ಪಿಲ್ಲದ ಅನ್ನ ತಿಂದಳು. ಸಂಜೆ ಅವಳು ನನ್ನ ಪಕ್ಕದಲ್ಲಿ ಚಾಪೆ ಹಾಸಿ ಮಲಗಿ ಮಗ್ಗದ ಸದ್ದು ಕೇಳುತ್ತಾ ಕಣ್ಣು ಮುಚ್ಚಿದಳು. "ಅವ್ವ ನೇಯ್ದಂಗೇ ಕೇಳ್ತೈತೆ. ಸ್ವಲ್ಪ ಕುಂಟ್ತೈತೆ ಅಷ್ಟೆ" ಅಂದಳು.

ಮೇ 13

ಮತ್ತೆ ತಪಾಸಣೆ. ತೊಂಬತ್ತೊಂದು. ಎರಡು ತಿಂಗಳು ಹೋರಿಯ ಹಾಗೆ ದುಡಿದದ್ದಕ್ಕೆ ಆರು ಕೆಜಿ. ನಾನು ಯಂತ್ರವನ್ನು ಬೈದೆ. ಆದರೆ ಡಾಕ್ಟರ್ ದೀಪಿಕಾ ಬಿ.ಪಿ.ಯನ್ನು ಎರಡು ಸಲ ನೋಡಿದರು. ತೋಳಿಗೆ ಪಟ್ಟಿ ಬಿಗಿದು ಬಿಟ್ಟು ಟೀವಿ ನೋಡಿದರು. ಮೊದಲ ಸಲ ಅವರ ಹಲ್ಲು ಕಂಡಿತು.

"ನಾಳ ಹಿಗ್ಗುತ್ತಿದೆ, ರೇಣುಕಮ್ಮ. ತೂಕ ನಿಧಾನಕ್ಕೆ ಇಳಿದರೂ ವ್ಯಾಯಾಮ ರಕ್ತನಾಳಕ್ಕೆ ಮೊದಲೇ ಕೆಲಸ ಮಾಡುತ್ತೆ. ಏನು ಮಾಡುತ್ತಿದ್ದೀರಿ?"

"ಅವಿತ್ಕೊಂಡಿದೀನಿ" ಅಂದೆ.

ಮೇ 27

ಪ್ರಭುವಿನ ಬಡಗಿತನ ಸಾಲದು. ಮುಂದಿನ ಮರ ದೂರವಾಗಿದೆ, ಬಗ್ಗಿ ಬಗ್ಗಿ ಬೆನ್ನು ನೋಯುತ್ತದೆ. ಗೂಟ ಸಡಿಲವಾಗಿ ಮರ ಜಾರಿರಬೇಕು ಅಂತ ಜಗಳ ಮಾಡಿದೆ. ಅವನು ಗೂಟ ಅಲುಗಾಡಿಸಿ ನೋಡಿ, ನನ್ನನ್ನೊಮ್ಮೆ ನೋಡಿ, ಮರವನ್ನು ನಾಲ್ಕು ಬೆರಳು ಹಿಂದಕ್ಕೆ ತಂದು ಬಡಿದುಕೊಟ್ಟ. ಕೆಲಸ ಮೊದಲೇ ಸರಿಯಾಗಿ ಮಾಡಬೇಕು.

ರವಿಕೆಗಳೂ ಜೋಲುತ್ತಿವೆ. ಇಲ್ಲಿನ ನೀರಿಗೆ ಬಟ್ಟೆ ಹಿಗ್ಗುತ್ತದೋ ಏನೋ.

ಜೂನ್ 6

ನಿರ್ಮಲಾಳ ಕೈಯ ನಾಳ ಮುಚ್ಚಿಹೋಗಿದೆ. ಡಯಾಲಿಸಿಸ್ ಸೂಜಿ ಚುಚ್ಚುತ್ತಿದ್ದ ನಾಳ. ಕುತ್ತಿಗೆಗೆ ನಳಿಕೆ ಹಾಕಿದ್ದಾರೆ. ಇದು ತುಂಬ ದಿನ ನಡೆಯುವುದಿಲ್ಲ, ಸೋಂಕಾದರೆ ಕಷ್ಟ, ಆಪರೇಷನ್ ಬೇಗ ಆಗಲಿ ಅಂದರಂತೆ.

ಬೇಗ ಅಂತೆ. ನಾನೇನು ಹೊಟ್ಟೆಯನ್ನು ಕತ್ತರಿಯಿಂದ ಕತ್ತರಿಸಿಕೊಳ್ಳಲೇ?

ಜೂನ್ 7

ಬೆಳಗ್ಗೆ ಬೆಟ್ಟ. ಮಧ್ಯಾಹ್ನ ಮಗ್ಗ. ಸಂಜೆ ಬೆಟ್ಟ.

ಜೂನ್ 8

ಅದೇ.

ಜೂನ್ 19

ಅತ್ತೆ ಚಳ್ಳಕೆರೆಯಿಂದ ನೋಡಲು ಬಂದರು. ಬಾಗಿಲಲ್ಲೇ ನಿಂತು, "ರೇಣುಕಾ ಎಲ್ಲಿ?" ಅಂದರು. ಎದುರಿಗೇ ಇದ್ದೆ. ಆಮೇಲೆ ಬಾಯಿ ಬಡಿದುಕೊಂಡು, "ಸೊರಗಿ ಕಡ್ಡಿ ಆಗೀಯ, ಕಿಡ್ನಿ ಏನಾಗಿರಬೇಡ" ಅಂತ ಅತ್ತರು. ಅತ್ತೆಗೆ ವಯಸ್ಸಾಗಿದೆ, ಕಣ್ಣು ಸರಿಯಿಲ್ಲ. ಕರಿಯಕ್ಕ ಕಳಿಸಿದ ಉಂಡೆ ಡಬ್ಬವನ್ನು ಪ್ರಭುವಿಗೆ ಕೊಡಲು ಹೋದೆ, ಅವನಿಗೆ ಸಕ್ಕರೆ ಕಾಯಿಲೆ. ಓಣಿಯ ಮಕ್ಕಳಿಗೆ ಹಂಚಿದೆ.

ರಾತ್ರಿ ನಿರ್ಮಲಾಗೆ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಐಸಿನ ಒಂದು ಚೂರು ಕೊಟ್ಟೆ, ಚೀಪಿದಳು. "ಅಕ್ಕ, ಹೊಸ ಕಿಡ್ನಿ ಬಂದ್ಮ್ಯಾಲೆ ಏನು ತಿಂತೀಯ ಅಂತ ಎಲ್ರೂ ಕೇಳ್ತಾರೆ. ನಂಗೆ ತಿನ್ನೋದು ಬ್ಯಾಡ. ಒಂದು ಚೊಂಬು ನೀರು, ಕತ್ತೆತ್ತಿ ಗಟಗಟ ಅಂತ. ಅಷ್ಟೇ."

ಬಟ್ಟಲಿನಲ್ಲಿ ಕರಗಿದ್ದ ಐಸಿನ ನೀರನ್ನು ಅವಳಿಗೆ ಕಾಣದ ಹಾಗೆ ಹೊರಗೆ ಚೆಲ್ಲಿ ಬಂದೆ.

ಜುಲೈ 15

ಎಂಬತ್ತೇಳು. ಎಂಬತ್ತಾರಾಗಬೇಕಿತ್ತು. ಒಂದು ಕೆಜಿ. ಅಂಗಡಿಯಲ್ಲಿ ಇಷ್ಟನ್ನು ನಾನು ಕೊಸರು ಅಂತ ಬಿಟ್ಟುಕೊಟ್ಟಿದ್ದೇನೆ.

ಬಿ.ಪಿ. ಸರಿಯಿದೆ. ರಕ್ತ, ಎದೆ, ನಾಳ ಎಲ್ಲ ಸರಿಯಿದೆ. ಡಾಕ್ಟರ್ ದೀಪಿಕಾ ಒಳಗೆ ಹೋಗಿ ದೊಡ್ಡ ಡಾಕ್ಟರ ಹತ್ತಿರ ತುಂಬ ಹೊತ್ತು ಮಾತಾಡಿದರು. ಗಾಜಿನ ಬಾಗಿಲಾಚೆ ಅವರ ಕೈ ಆಡುವುದು ಕಾಣುತ್ತಿತ್ತು. ನಾನು ಪ್ರಾರ್ಥನೆ ಮಾಡಿದೆ. ಯಾವ ದೇವರಿಗೆ ಅಂತ ನೆನಪಿಲ್ಲ, ಸಿಕ್ಕವರಿಗೆಲ್ಲ ಮಾಡಿದೆ.

ಹೊರಗೆ ಬಂದವರು, "ಆಯ್ತು" ಅಂದರು. ನಾನು ಅವರ ಕೈ ಹಿಡಿದುಕೊಂಡೆ. ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಆಮೇಲೆ ಸಮಿತಿಯವರು ಕೂರಿಸಿ ಪ್ರಶ್ನೆ ಕೇಳಿದರು. ನೀವು ಸ್ವಂತ ಇಷ್ಟದಿಂದ ಕೊಡುತ್ತಿದ್ದೀರಾ? ಹೌದು. ಯಾರಾದರೂ ಒತ್ತಾಯ ಮಾಡಿದರಾ?

"ಉಣ್ಣೋಕೆ ಮಾಡಿದ್ರು" ಅಂದೆ. ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿ ನೋಡಿದರು.

ಆಗಸ್ಟ್ 19

ನಾಳೆ ಆಪರೇಷನ್. ರಾತ್ರಿಯಿಂದ ಏನೂ ತಿನ್ನುವಂತಿಲ್ಲ, ನೀರೂ ಇಲ್ಲ. ಎರಡು ಊರಿನವರು ಏಳು ತಿಂಗಳು ಆಣೆ ಹಾಕಿ ಉಣಿಸಿದ್ದಾರೆ, ಇಲ್ಲಿ ನರ್ಸು ಒಂದು ಗುಟುಕು ಕೊಡಲೊಲ್ಲಳು.

ಮೊಳಕಾಲ್ಮುರಿನಿಂದ ಹೊರಡುವಾಗ ನಿರ್ಮಲಾ ನನಗೆ ಮಡಿಲು ತುಂಬಿದಳು. ಕುತ್ತಿಗೆಯಲ್ಲಿ ನಳಿಕೆ ಹಾಗೇ ಇತ್ತು. ಅಕ್ಕಿ, ಕೊಬ್ಬರಿ, ಬೆಲ್ಲ. ರವಿಕೆ ಕಣದ ಬದಲು ನಾನು ನೇಯ್ದ ಆ ಮೊದಲ ಲಂಗೋಟಿ ಟವೆಲ್ ಇಟ್ಟಿದ್ದಳು. "ತವರಿಂದ ಬರಿಗೈಲಿ ಕಳ್ಸಿದ್ಲು ಅನ್ನಬ್ಯಾಡ" ಅಂದಳು.

ಹೆದರಿಕೆಯಾಗುತ್ತಿದೆ. ನನಗಲ್ಲ. ಇಷ್ಟು ವರ್ಷ ಈ ಮೈ ನನ್ನ ಯಾವ ಮಾತನ್ನೂ ಕೇಳಲಿಲ್ಲ. ನಾಳೆ ಅದರೊಳಗಿನ ಒಂದು ತುಂಡು ಅವಳ ಮಾತು ಕೇಳಬೇಕು.

ಆಗಸ್ಟ್ 23

ಹೊಲಿಗೆ ಎಳೆಯುತ್ತಿದೆ, ಬರೆಯುವುದು ಕಷ್ಟ. ಆದರೂ ಬರೆಯುತ್ತೇನೆ.

ಗೋಡೆ ಹಿಡಿದುಕೊಂಡು ನಿರ್ಮಲಾಳ ಕೋಣೆಯ ತನಕ ನಡೆದೆ. ಒಳಗೆ ಬಿಡುವುದಿಲ್ಲ, ಸೋಂಕಾಗುತ್ತದೆ. ಗಾಜಿನಾಚೆ ಅವಳು ದಿಂಬಿಗೆ ಒರಗಿ ಕೂತಿದ್ದಳು. ಕಿಡ್ನಿ ಆಪರೇಷನ್ ಮೇಜಿನ ಮೇಲೇ ಕೆಲಸ ಶುರು ಮಾಡಿತಂತೆ. ನನ್ನದಲ್ಲವೇ, ಸುಮ್ಮನೆ ಕೂತು ಅದಕ್ಕೆ ಈಗ ಅಭ್ಯಾಸ ತಪ್ಪಿದೆ.

ನರ್ಸು ಅವಳಿಗೆ ದೊಡ್ಡ ಬಾಟಲಿ ನೀರು ಕೊಟ್ಟು ಕುಡಿಯಿರಿ, ಎಷ್ಟು ಬೇಕಾದರೂ ಕುಡಿಯಿರಿ ಅಂದಳು. ನಿರ್ಮಲಾ ಬಾಟಲಿಯನ್ನು ನೋಡಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನುಂಗದೆ ಇಟ್ಟುಕೊಂಡಳು, ಬಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ ಹಾಗೆ. ಆಮೇಲೆ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟಳು. ಎರಡು ವರ್ಷದ ಅಭ್ಯಾಸ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಫೋನ್ ಮಾಡಿದೆ. ಒಳಗೆ ನರ್ಸು ಅವಳ ಕಿವಿಗೆ ಫೋನ್ ಹಿಡಿದಳು.

"ಕುಡಿಯೇ!"

"ಸಾಕಕ್ಕ."

"ಏನು ಸಾಕು? ಕತ್ತೆತ್ತಿ ಗಟಗಟ ಅಂತ ಅಂದಿದ್ದಲ್ಲ. ಕುಡಿ."

ಕುಡಿದಳು. ಮೊದಲು ಹೆದರಿ ಹೆದರಿ, ಆಮೇಲೆ ಕಣ್ಣು ಮುಚ್ಚಿ. ಗಲ್ಲದಿಂದ ಇಳಿದ ನೀರು ಕುತ್ತಿಗೆಯ ಪಟ್ಟಿಯ ಮೇಲೆಲ್ಲ ಚೆಲ್ಲಿತು. ಬಾಟಲಿ ಅರ್ಧವಾಯಿತು. ಇಳಿಸಿ ಏದುಸಿರು ಬಿಟ್ಟು ನನ್ನ ಕಡೆ ನೋಡಿ ನಕ್ಕಳು.

ನಾನು ಗಾಜಿಗೆ ಹಣೆ ಒತ್ತಿಕೊಂಡು ನಿಂತಿದ್ದೆ. ಹೊಲಿಗೆ ಉರಿಯುತ್ತಿತ್ತು.

"ನನ್ನಾಣೆ," ಅಂದೆ, "ಇನ್ನೊಂದು ಗುಟುಕು."